ಫೋನಿನಲ್ಲಿ ಹಾಡು ಕಟ್ ಕಟ್ ಆಗ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ, ನೆಂಟರಲ್ಲಿ, ಕೆಲಸದ ಜಾಗದಲ್ಲಿ ಯಾರ ಫೋನಿನಲ್ಲಿ ಹಾಡು ತಡವರಿಸಿದರೂ ನನ್ನನ್ನೇ ಕೇಳುತ್ತಾರೆ. ವರ್ಷಗಳಿಂದ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತಿವೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ, ಕೇಳಿದವರ ಮಾತಿನಲ್ಲೇ. ಜಾಸ್ತಿ ಭಾಗ ಆಂಡ್ರಾಯ್ಡ್ ಫೋನಿಗೆ ಸಂಬಂಧಿಸಿದ್ದು. ಸೆಟ್ಟಿಂಗ್‌ಗಳ ಹೆಸರು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಥರ ಇರುತ್ತದೆ, ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲುಗಡೆ ಹುಡುಕುವ ಜಾಗದಲ್ಲಿ ಟೈಪ್ ಮಾಡಿ ನೋಡಿ.

## ಮೊದಲ ಹೆಜ್ಜೆ

ಹಾಡು ಕಟ್ ಕಟ್ ಆಗ್ತಿದೆ. ಮೊದಲು ಏನು ಮಾಡ್ಬೇಕು?

ಏನನ್ನೂ ಬದಲಾಯಿಸಬೇಡಿ. ಮೊದಲು ಎಲ್ಲಿ ಕಟ್ ಆಗುತ್ತಿದೆ ಎಂದು ಕಿವಿಗೊಟ್ಟು ಕೇಳಿ. ಆಪ್ ತೆಗೆದು ಮತ್ತೆ ಹಾಕುವುದು, ಫೋನ್ ರೀಸೆಟ್ ಮಾಡುವುದು, ಹೊಸ ಇಯರ್‌ಫೋನ್ ಕೊಳ್ಳುವುದು ಎಲ್ಲ ಆಮೇಲಿನ ಮಾತು. ಮೂರು ಪರೀಕ್ಷೆ ಸಾಕು.

ಒಂದು, ಕಟ್ ಆದ ಹಾಡನ್ನು ಸ್ವಲ್ಪ ಹಿಂದಕ್ಕೆ ಎಳೆದು ಅದೇ ಸಾಲನ್ನು ಮತ್ತೆ ಕೇಳಿ. ಅದೇ ಅಕ್ಷರದ ಮೇಲೆ ಮತ್ತೆ ಹಾರಿದರೆ ತೊಂದರೆ ಆ ಫೈಲಿನಲ್ಲಿದೆ, ಇಲ್ಲವೇ ಫೈಲ್ ಇರುವ ಕಾರ್ಡಿನಲ್ಲಿದೆ. ಒಂದೊಂದು ಸಲ ಒಂದೊಂದು ಕಡೆ ಹಾರಿದರೆ ಫೈಲ್ ಚೆನ್ನಾಗಿದೆ, ಬೇರೆ ಎಲ್ಲೋ ಹುಡುಕಬೇಕು. ಎರಡು, ಇಯರ್‌ಫೋನ್ ತೆಗೆದು ಫೋನಿನ ಸ್ಪೀಕರಿನಲ್ಲಿ ಕೇಳಿ. ಸ್ಪೀಕರಿನಲ್ಲಿ ಸರಿಯಾಗಿ ಬಂದರೆ ವೈರು ಅಥವಾ ಬ್ಲೂಟೂತ್ ಕಡೆ ನೋಡಿ. ಮೂರು, ಸ್ಕ್ರೀನ್ ಆನ್ ಇಟ್ಟು ಹತ್ತು ನಿಮಿಷ, ಆಫ್ ಮಾಡಿ ಹತ್ತು ನಿಮಿಷ ಕೇಳಿ. ಆಫ್ ಆದಾಗ ಮಾತ್ರ ಕೆಡುತ್ತದೆ ಎಂದರೆ ಅದು ಬ್ಯಾಟರಿ ಉಳಿಸುವ ಸೆಟ್ಟಿಂಗಿನ ಕೆಲಸ.

ಈ ಮೂರು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಇದನ್ನು ಮಾಡದೆ ಸಿಕ್ಕಿದ್ದೆಲ್ಲ ಒತ್ತಿದವರೇ ಕೊನೆಗೆ ಫೋನ್ ಪೂರ್ತಿ ಅಳಿಸಿಕೊಂಡು, ಹಾಡುಗಳನ್ನೂ ಕಳೆದುಕೊಂಡು ಬರುತ್ತಾರೆ. ನನಗೆ ತುಂಬ ಬೇಜಾರಾಗುವುದು ಅದಕ್ಕೇ.

ಒಂದೇ ಒಂದು ಹಾಡು, ಪ್ರತಿ ಸಲ ಅದೇ ಜಾಗದಲ್ಲಿ ಹಾರುತ್ತೆ. ಆಪ್ ಕೆಟ್ಟಿದೆಯಾ?

ಇಲ್ಲ, ಫೈಲ್ ಕೆಟ್ಟಿದೆ. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬಹುದು, ಕಂಪ್ಯೂಟರಿನಿಂದ ಕಾಪಿ ಆಗುತ್ತಿರುವಾಗ ಕೇಬಲ್ ಎಳೆದಿರಬಹುದು. ಎಂಪಿ3 ಫೈಲ್ ಒಳಗೆ ಸಣ್ಣ ಸಣ್ಣ ತುಂಡುಗಳ ಸಾಲು. ಮಾಮೂಲಿ ಹಾಡಿನಲ್ಲಿ ಒಂದು ತುಂಡು ಎಂದರೆ ಸೆಕೆಂಡಿನ ಸಾವಿರದಲ್ಲಿ 26 ಭಾಗ. ಒಂದು ತುಂಡು ಕೆಟ್ಟರೆ 'ಟಿಕ್' ಅನ್ನುತ್ತದೆ. ಎಂಪಿ3ಯಲ್ಲಿ ಒಂದು ತುಂಡು ತನಗೆ ಬೇಕಾದ ಮಾಹಿತಿಯಲ್ಲಿ ಸ್ವಲ್ಪವನ್ನು ಹಿಂದಿನ ತುಂಡಿನಲ್ಲಿ ಇಟ್ಟುಕೊಂಡಿರಬಹುದು, ಹಾಗಾಗಿ ಒಂದು ಕೆಟ್ಟರೆ ಪಕ್ಕದ್ದೂ ಮುಗ್ಗರಿಸುತ್ತದೆ. ನೂರಾರು ತುಂಡು ಒಟ್ಟಿಗೆ ಹೋದರೆ ಇಡೀ ಸಾಲೇ ಮಾಯ.

ಅದೇ ಫೈಲನ್ನು ಇನ್ನೊಂದು ಆಪ್‌ನಲ್ಲಿ, ಉದಾಹರಣೆಗೆ ವಿಎಲ್‌ಸಿಯಲ್ಲಿ, ಹಾಕಿ ನೋಡಿ. ಅಲ್ಲೂ ಹಾರಿದರೆ ಅನುಮಾನವೇ ಬೇಡ. ಮೂಲದಿಂದ ಮತ್ತೆ ತಂದುಕೊಳ್ಳಿ. ಮೂಲವೇ ಇಲ್ಲದ ಅಪರೂಪದ ಧ್ವನಿಯಾಗಿದ್ದರೆ ಅಳಿಸಬೇಡಿ, ಕೊನೆಯ ಭಾಗದಲ್ಲಿ ಅದರ ಬಗ್ಗೆ ಬರೆದಿದ್ದೇನೆ.

ನಾನು ಮುಟ್ಟೇ ಇಲ್ಲ, ಹಾಡು ತಾನಾಗೇ ಮುಂದಿನದಕ್ಕೆ ಹೋಗುತ್ತೆ. ಯಾಕೆ?

ವೈರಿನ ಇಯರ್‌ಫೋನ್ ಹಾಕಿದಾಗ ಹೀಗಾದರೆ ವೈರಿನ ಮೇಲಿರುವ ಗುಂಡಿಯನ್ನೇ ಅನುಮಾನಿಸಿ. ಆ ಗುಂಡಿಗೆ ಬೇರೆ ತಂತಿ ಇಲ್ಲ, ಮೈಕಿನ ತಂತಿಯಲ್ಲೇ ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ನಿಯಮದ ಪ್ರಕಾರ ಮೈಕಿನ ತಂತಿ ನೆಲದ ತಂತಿಗೆ (ಗ್ರೌಂಡ್) ನೇರ ತಾಗಿದರೆ, ಅಂದರೆ ನಡುವಿನ ವಿದ್ಯುತ್ ತಡೆ ಸೊನ್ನೆ ಓಮ್ ಆದರೆ, ನಿಲ್ಲಿಸು ಅಥವಾ ಶುರು ಮಾಡು ಎಂದರ್ಥ. ಸುಮಾರು 240 ಓಮ್ ಕಂಡರೆ ದನಿ ಜಾಸ್ತಿ, 470 ಕಂಡರೆ ದನಿ ಕಡಿಮೆ. ಈಗ ಯೋಚಿಸಿ, ಬೆವರು ಒಳಗೆ ಇಳಿದರೆ, ವೈರು ಮುರಿದು ಒಳಗೊಳಗೇ ತಾಗಿದರೆ, ಫೋನಿಗೆ ಯಾರೋ ಗುಂಡಿ ಒತ್ತಿದಂತೆಯೇ ಕಾಣುತ್ತದೆ ಅಲ್ವಾ? ಬೇಗ ಬೇಗ ಎರಡು ಸಲ ತಾಗಿದರೆ ಮುಂದಿನ ಹಾಡು.

ಜ್ಯಾಕಿನ ತೂತಿನಲ್ಲಿ ಜೇಬಿನ ನೂಲು, ಧೂಳು ತುಂಬಿದ್ದರೂ ಹೀಗೇ ಆಗುತ್ತದೆ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಪಿನ್ನು, ಸೂಜಿ ಬೇಡವೇ ಬೇಡ. ಬ್ಲೂಟೂತ್ ಬಡ್ಸ್ ಆದರೆ ಕೂದಲು ಅಥವಾ ದುಪಟ್ಟಾ ತಾಗಿ ಟಚ್ ಕೆಲಸ ಮಾಡಿರಬಹುದು, ಬಡ್ಸ್‌ನ ಆಪ್‌ನಲ್ಲಿ ಟಚ್ ಆಫ್ ಮಾಡಿ ನೋಡಿ. ಕೆಲವು ಪ್ಲೇಯರ್‌ಗಳಲ್ಲಿ ಫೋನ್ ಅಲ್ಲಾಡಿಸಿದರೆ ಹಾಡು ಬದಲಾಗುವ ಆಯ್ಕೆಯೂ ಇರುತ್ತದೆ. ಬಸ್ಸಿನಲ್ಲಿ ಹೋಗುವವರು ಅದನ್ನು ಆರಿಸಿಬಿಡಿ.

ಮೆಸೇಜ್ ಬಂದಾಗೆಲ್ಲ ಹಾಡು ಒಂದು ಕ್ಷಣ ಮುಳುಗಿ ಏಳುತ್ತೆ

ಇದು ದೋಷ ಅಲ್ಲ. ನೋಟಿಫಿಕೇಶನ್ ದನಿ ಕೇಳಲಿ ಎಂದು ಫೋನೇ ಹಾಡನ್ನು ತಗ್ಗಿಸುತ್ತದೆ. ಮ್ಯಾಪ್ ದಾರಿ ಹೇಳುವಾಗಲೂ ಹೀಗೇ. ಬೇಡವಾದರೆ ಹಾಡು ಕೇಳುವಾಗ 'ಡು ನಾಟ್ ಡಿಸ್ಟರ್ಬ್' ಹಾಕಿಕೊಳ್ಳಿ.

ವಚನ ವಾಚನದಲ್ಲಿ ಸಾಲಿನ ನಡುವಿನ ನಿಲುಗಡೆಯೇ ಇರಲ್ಲ, ಎಲ್ಲ ಓಡಿಹೋದ ಹಾಗೆ ಕೇಳುತ್ತೆ

ಪಾಡ್‌ಕಾಸ್ಟ್ ಆಪ್‌ಗಳಲ್ಲಿ, ಕೆಲವು ಮ್ಯೂಸಿಕ್ ಪ್ಲೇಯರ್‌ಗಳಲ್ಲೂ, 'ಸ್ಕಿಪ್ ಸೈಲೆನ್ಸ್' ಎಂಬ ಆಯ್ಕೆ ಇದೆ. ಮೌನ ಇರುವ ಕಡೆ ಕತ್ತರಿಸಿ ಮುಂದೆ ಓಡಿಸುತ್ತದೆ. ಸುದ್ದಿ, ಹರಟೆಗೆ ಅದು ಸರಿ. ವಚನಕ್ಕೆ, ಗಮಕಕ್ಕೆ, ಆಲಾಪನೆಗೆ ಹಾಕಿದರೆ ಉಸಿರನ್ನೇ ಕತ್ತರಿಸಿದ ಹಾಗೆ. ಆಫ್ ಮಾಡಿ. ಜೊತೆಗೆ ವೇಗ ಒಂದರಲ್ಲೇ ಇದೆಯಾ ಎಂದೂ ನೋಡಿ, ಮನೆಯ ಮಕ್ಕಳು 1.25 ಮಾಡಿಟ್ಟಿರುತ್ತಾರೆ.

ಫೋನ್ ಆಫ್ ಮಾಡಿ ಆನ್ ಮಾಡಿದ್ರೆ ಸರಿಹೋಗುತ್ತೆ, ಎರಡು ದಿನಕ್ಕೆ ಮತ್ತೆ ಅದೇ ಕಥೆ

ಫೋನಿನ ಜಾಗ ತುಂಬಿದೆಯಾ ನೋಡಿ. ಒಳಗಿನ ಮೆಮೊರಿ ಪೂರ್ತಿ ತುಂಬಿದರೆ ಬರೆಯುವುದು, ಓದುವುದು ಎರಡೂ ನಿಧಾನವಾಗುತ್ತವೆ. ಕಾಲು ಭಾಗದಷ್ಟಾದರೂ ಖಾಲಿ ಇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬೆಳಗಿನ ಶುಭಾಶಯದ ಚಿತ್ರ, ವಿಡಿಯೊ ಅಳಿಸಿದರೇ ಎಷ್ಟೋ ಜಿಬಿ ಸಿಗುತ್ತದೆ. ಕಡಿಮೆ ರ‍್ಯಾಮ್ ಇರುವ ಹಳೇ ಫೋನಿನಲ್ಲಿ ಇನ್ನೊಂದು ಕಾರಣವೂ ಇದೆ. ಹಾಡಿನ ಫೈಲಿನೊಳಗೆ ದೊಡ್ಡ ಮುಖಪುಟ ಚಿತ್ರ ಸೇರಿಸಿದ್ದರೆ ಪ್ರತಿ ಹಾಡು ಬದಲಾಗುವಾಗ ಆ ಚಿತ್ರ ತೆರೆಯುವುದಕ್ಕೇ ಫೋನ್ ಒದ್ದಾಡುತ್ತದೆ. ಹಾಡಿನ ಮೊದಲ ಒಂದೆರಡು ಸೆಕೆಂಡಿನಲ್ಲಿ ಮಾತ್ರ ತಡವರಿಸಿದರೆ ಇದನ್ನೇ ಅನುಮಾನಿಸಿ.

## ಸ್ಕ್ರೀನ್ ಆಫ್ ಆದ ಮೇಲೆ

ಸ್ಕ್ರೀನ್ ಆಫ್ ಆಗಿ ಐದು ನಿಮಿಷಕ್ಕೆ ಹಾಡು ನಿಂತುಹೋಗುತ್ತೆ. ಆನ್ ಮಾಡಿದ್ರೆ ಆಪ್ ಮೊದಲಿಂದ ಶುರು ಆಗುತ್ತೆ

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಬ್ಯಾಟರಿ ಉಳಿಸಲು ಫೋನ್ ನಿಮ್ಮ ಆಪ್ ಅನ್ನು ಮುಚ್ಚಿಬಿಡುತ್ತಿದೆ.

ಇದರ ಹಿನ್ನೆಲೆ ಸ್ವಲ್ಪ ತಿಳಿದರೆ ಒಳ್ಳೆಯದು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಲ್ಲಿ ಡೋಝ್ ಎಂಬ ವ್ಯವಸ್ಥೆ ಸೇರಿತು. ಚಾರ್ಜಿಗೆ ಹಾಕದೆ, ಅಲುಗಾಡದೆ, ಸ್ಕ್ರೀನ್ ಆಫ್ ಆಗಿ ಬಿದ್ದಿರುವ ಫೋನಿನಲ್ಲಿ ಆಪ್‌ಗಳನ್ನು ಮಲಗಿಸುವುದು ಅದರ ಕೆಲಸ. 2017ರ ಆಂಡ್ರಾಯ್ಡ್ 8ರಲ್ಲಿ ಹಿನ್ನೆಲೆಯಲ್ಲಿ ನಡೆಯುವ ಆಪ್‌ಗಳಿಗೆ ಇನ್ನೂ ಕಟ್ಟುಪಾಡು ಬಂತು. ಆದರೆ ಹಾಡು ನುಡಿಸುವ ಆಪ್‌ಗೆ ದಾರಿ ಬಿಟ್ಟಿದ್ದಾರೆ. ಮೇಲೆ ನೋಟಿಫಿಕೇಶನ್‌ನಲ್ಲಿ ಹಾಡಿನ ಹೆಸರು, ಗುಂಡಿಗಳು ಕಾಣುತ್ತವಲ್ಲ, ಹಾಗೆ ತೋರಿಸಿಕೊಂಡು ಓಡುವ ಆಪ್ ಅನ್ನು ಆಂಡ್ರಾಯ್ಡ್ ಸುಮ್ನೆ ಮುಚ್ಚುವುದಿಲ್ಲ. ತೊಂದರೆ ಶುರುವಾಗುವುದು ಫೋನ್ ಮಾಡುವ ಕಂಪನಿಗಳು ಅದರ ಮೇಲೆ ತಮ್ಮದೇ ಬ್ಯಾಟರಿ ಕಾವಲನ್ನು ಕೂರಿಸಿದಾಗ. ಆ ಕಾವಲಿಗೆ ಹಾಡೂ ಒಂದೇ, ಆಟವೂ ಒಂದೇ.

ಸೆಟ್ಟಿಂಗ್ಸ್, ಆಪ್ಸ್, ನಿಮ್ಮ ಪ್ಲೇಯರ್, ಬ್ಯಾಟರಿ ಎಂದು ಒಳಗೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಆರಿಸಿ. ಶವೋಮಿ ಫೋನುಗಳಲ್ಲಿ ಅದು 'ನೋ ರಿಸ್ಟ್ರಿಕ್ಷನ್ಸ್' ಎಂದಿರುತ್ತದೆ, ಜೊತೆಗೆ 'ಆಟೋಸ್ಟಾರ್ಟ್' ಕೂಡ ಆನ್ ಮಾಡಬೇಕು. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಭಾಗದೊಳಗೆ 'ನೆವರ್ ಸ್ಲೀಪಿಂಗ್ ಆಪ್ಸ್' ಪಟ್ಟಿ ಇದೆ, ಅದಕ್ಕೆ ಸೇರಿಸಿ. ಒಪ್ಪೊ, ರಿಯಲ್‌ಮಿ, ವಿವೊ ಫೋನುಗಳಲ್ಲಿ ಹಿನ್ನೆಲೆಯಲ್ಲಿ ನಡೆಯಲು ಬಿಡುವ ಆಯ್ಕೆ ಹುಡುಕಿ. ಇತ್ತೀಚಿನ ಆಪ್‌ಗಳ ಸಾಲಿನಲ್ಲಿ ಪ್ಲೇಯರ್‌ಗೆ ಬೀಗದ ಗುರುತು ಹಾಕುವ ಸೌಲಭ್ಯವಿದ್ದರೆ ಅದನ್ನೂ ಹಾಕಿ. 'ಎಲ್ಲ ಕ್ಲೀನ್ ಮಾಡು' ಒತ್ತಿದರೂ ಅದು ಉಳಿಯುತ್ತದೆ. ಫೋನ್ ಕ್ಲೀನರ್, ಬೂಸ್ಟರ್ ಎಂದು ಹಾಕಿಕೊಂಡ ಆಪ್ ಇದ್ದರೆ ದಯವಿಟ್ಟು ತೆಗೆಯಿರಿ. ದೊಡ್ಡ ಅಪ್‌ಡೇಟ್ ಬಂದ ಮೇಲೆ ಈ ಆಯ್ಕೆಗಳು ಮೊದಲಿನಂತಾಗಿರಬಹುದು, ಮತ್ತೊಮ್ಮೆ ನೋಡಿಕೊಳ್ಳಿ.

ಹಾಗೆ ಮಾಡಿದ್ರೆ ಬ್ಯಾಟರಿ ಬೇಗ ಖಾಲಿ ಆಗಲ್ವಾ?

ಆಗುವುದಿಲ್ಲ. ಒಂದೇ ಆಪ್‌ಗೆ ಬಿಡುತ್ತಿದ್ದೀರಿ, ಅದೂ ಹಾಡುವಾಗ ಮಾತ್ರ ಕೆಲಸ ಮಾಡುತ್ತದೆ. ಬ್ಯಾಟರಿ ತಿನ್ನುವುದು ಜಾಸ್ತಿ ಸ್ಕ್ರೀನೇ.

ಯೂಟ್ಯೂಬಲ್ಲಿ ಭಕ್ತಿಗೀತೆ ಹಾಕಿ ಸ್ಕ್ರೀನ್ ಆಫ್ ಮಾಡಿದ್ರೆ ನಿಲ್ಲುತ್ತೆ, ಇದಕ್ಕೂ ಅದೇ ಸೆಟ್ಟಿಂಗಾ?

ಅಲ್ಲ. ಯೂಟ್ಯೂಬ್ ಆಪ್‌ನಲ್ಲಿ ಸ್ಕ್ರೀನ್ ಆಫ್ ಮಾಡಿಯೂ ಕೇಳಬೇಕೆಂದರೆ ಹಣ ಕೊಟ್ಟು ಪ್ರೀಮಿಯಂ ತೆಗೆದುಕೊಳ್ಳಬೇಕು. ಯಾವ ಬ್ಯಾಟರಿ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಅಮ್ಮಂದಿರು, ಅಜ್ಜಿಯರು ಬೆಳಿಗ್ಗೆ ಸುಪ್ರಭಾತ ಕೇಳುವ ಫೋನಾದರೆ ಹಾಡುಗಳನ್ನು ಫೈಲಾಗಿಯೇ ಫೋನಿನಲ್ಲಿಟ್ಟು, ಇಂಟರ್ನೆಟ್ ಬೇಡದ ಪ್ಲೇಯರ್ ಒಂದನ್ನು ಹಾಕಿಕೊಡಿ. ಮ್ಯೂಸಿಕೋಲೆಟ್ ಅಂಥದ್ದು, ಜಾಹೀರಾತೂ ಇಲ್ಲ.

## ಮೆಮೊರಿ ಕಾರ್ಡ್

ಫೋನಲ್ಲಿರೋ ಹಾಡು ಸರಿ, ಮೆಮೊರಿ ಕಾರ್ಡಲ್ಲಿರೋದು ಮಾತ್ರ ಕಟ್ ಆಗುತ್ತೆ. ಕಾರ್ಡ್ ಸ್ಪೀಡ್ ಸಾಲಲ್ವಾ?

ಸ್ಪೀಡ್ ಧಾರಾಳವಾಗಿ ಸಾಕು, ಲೆಕ್ಕ ಹಾಕಿ ನೋಡಿ. ಒಳ್ಳೆಯ ಗುಣಮಟ್ಟದ ಎಂಪಿ3ಗೆ 320 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 320 ಕಿಲೋಬಿಟ್ ಬೇಕು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದರೆ ಸೆಕೆಂಡಿಗೆ 40 ಕಿಲೋಬೈಟ್. ಕ್ಲಾಸ್ 10 ಎಂದು ಬರೆದ ಕಾರ್ಡ್ ಸೆಕೆಂಡಿಗೆ ಕಡಿಮೆ ಎಂದರೂ 10 ಮೆಗಾಬೈಟ್ ಬರೆಯಬೇಕು ಎಂಬುದು ನಿಯಮ. ಹಾಡಿಗೆ ಬೇಕಾದ್ದಕ್ಕಿಂತ 250 ಪಟ್ಟು. ಓದುವುದು ಸಾಮಾನ್ಯವಾಗಿ ಅದಕ್ಕಿಂತಲೂ ಚುರುಕು. ಹಾಗಾಗಿ ಕಾರ್ಡ್‌ನಿಂದ ಹಾಡು ತಡವರಿಸಿದರೆ ಅದು ನಿಧಾನದ ಕಾರ್ಡ್ ಅಲ್ಲ, ಸಾಯುತ್ತಿರುವ ಕಾರ್ಡ್. ಒಂದು ಜಾಗ ಓದಲು ಆಗದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ, ಅಷ್ಟರಲ್ಲಿ ಹಾಡು ನಿಂತಿರುತ್ತದೆ.

ಇದು ಎಚ್ಚರಿಕೆಯ ಗಂಟೆ. ಇವತ್ತೇ, ಈಗಲೇ, ಕಾರ್ಡಿನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಕಾಪಿ ಮಾಡಿ, ಫೋಟೊಗಳನ್ನೂ ಸೇರಿಸಿ. ಕಾಪಿ ಆದ ಮೇಲೆ ಕಾರ್ಡ್ ತೆಗೆದು ಚಿನ್ನದ ಬಣ್ಣದ ಪಟ್ಟಿಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ ಮತ್ತೆ ಹಾಕಿ ನೋಡಿ. ಕೆಲವು ಸಲ ಸರಿಯಾಗಿ ಕೂತಿಲ್ಲದ್ದೇ ಕಾರಣ. ಆಗಲೂ ಕಟ್ ಆದರೆ ಆ ಕಾರ್ಡನ್ನು ನಂಬಬೇಡಿ.

ಹೊಸ ಕಾರ್ಡು, 256 ಜಿಬಿ, ಕಡಿಮೆ ಬೆಲೆಗೆ ಸಿಕ್ತು. ಮೊದಲು ಹಾಕಿದ ಹಾಡು ಕೆಟ್ಟಿವೆ, ಆಮೇಲೆ ಹಾಕಿದ್ದು ಚೆನ್ನಾಗಿವೆ

ನಕಲಿ ಕಾರ್ಡ್. ನಾನೂ ಒಮ್ಮೆ ಸಂತೆಯಲ್ಲಿ ಇಂಥದ್ದು ಕೊಂಡು, ಮಾವ ಹಾಡಿದ ದೇವರನಾಮಗಳ ರೆಕಾರ್ಡಿಂಗ್ ಅದರಲ್ಲಿ ಹಾಕಿ ಕಳೆದುಕೊಂಡಿದ್ದೇನೆ. ಆವತ್ತಿನ ನೋವು ಇನ್ನೂ ಇದೆ, ಅದಕ್ಕೇ ಒತ್ತಿ ಹೇಳುತ್ತೇನೆ.

ಇಂಥ ಕಾರ್ಡಿನೊಳಗೆ ನಿಜವಾಗಿ ಇರುವುದು 8 ಅಥವಾ 16 ಜಿಬಿ. ಫೋನಿಗೆ ಮಾತ್ರ 256 ಎಂದು ಸುಳ್ಳು ಹೇಳುವಂತೆ ಒಳಗಿನ ಚಿಪ್ ತಿದ್ದಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೂ ಅದು ಬರೆಯುತ್ತಲೇ ಇರುವಂತೆ ನಟಿಸುತ್ತದೆ. ಕೆಲವು ಕಾರ್ಡು ಹಳೆಯದರ ಮೇಲೇ ಹೊಸದನ್ನು ಬರೆಯುತ್ತದೆ, ಕೆಲವು ಹೊಸದನ್ನು ಬಿಸಾಕಿಬಿಡುತ್ತದೆ. ಫೈಲಿನ ಹೆಸರು, ಗಾತ್ರ ಸರಿಯಾಗೇ ಕಾಣುತ್ತದೆ, ಒಳಗೆ ಹಾಡಿಲ್ಲ.

ಪರೀಕ್ಷೆ ಸುಲಭ. ವಿಂಡೋಸ್ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಕಾರ್ಡು ಪೂರ್ತಿ ತುಂಬಿಸಿ, ಮತ್ತೆ ಓದಿ, ಎರಡೂ ಒಂದೇ ಇವೆಯಾ ಎಂದು ಹೇಳುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಹೊಸ ಕಾರ್ಡು ತಂದ ದಿನವೇ ಇದನ್ನು ಮಾಡಿದರೆ ಅಂಗಡಿಯವರಿಗೆ ವಾಪಸ್ ಕೊಡಲೂ ಬರುತ್ತದೆ.

## ಬ್ಲೂಟೂತ್, ಕಾರು

ಮನೆಯೊಳಗೆ ಚೆನ್ನಾಗೇ ಬರುತ್ತೆ, ಕೆರೆ ಏರಿ ಮೇಲೆ ವಾಕಿಂಗ್ ಹೋದ್ರೆ ಕಟ್ ಆಗುತ್ತೆ. ಬಯಲಲ್ಲಿ ಇನ್ನೂ ಚೆನ್ನಾಗಿ ಬರಬೇಕಲ್ವಾ?

ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ದಿನಾ ಹೋಗುವ ಗೆಳೆಯರು ಕೇಳಿದ್ದು ಇದು. ಒಳ್ಳೆಯ ಪ್ರಶ್ನೆ, ಉತ್ತರ ಉಲ್ಟಾ ಇದೆ. ಬ್ಲೂಟೂತ್ 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ನಡೆಯುತ್ತದೆ. ನಮ್ಮ ಮೈಯಲ್ಲಿ ನೀರೇ ಜಾಸ್ತಿ, ನೀರು ಆ ಅಲೆಗಳನ್ನು ನುಂಗಿಬಿಡುತ್ತದೆ. ಮನೆಯೊಳಗಾದರೆ ಅಲೆಗಳು ಗೋಡೆ, ಸೂರಿಗೆ ತಾಗಿ ತಿರುಗಿ ಬಂದು ಕಿವಿ ತಲುಪುತ್ತವೆ. ಬಯಲಿನಲ್ಲಿ ಹಾಗೆ ತಿರುಗಿಸುವ ಗೋಡೆಗಳಿಲ್ಲ. ಫೋನ್ ಎಡಗಡೆ ಹಿಂದಿನ ಜೇಬಿನಲ್ಲಿದ್ದು, ಬಡ್ ಬಲಗಿವಿಯಲ್ಲಿದ್ದರೆ ನಡುವೆ ಇರುವುದು ನೀವೇ!

ಫೋನನ್ನು ಎದೆಯ ಜೇಬಿಗೆ ಅಥವಾ ತೋಳಿನ ಪಟ್ಟಿಗೆ ಬದಲಿಸಿ. ಹೆಚ್ಚಿನವರಿಗೆ ಇಷ್ಟರಲ್ಲೇ ಸರಿಹೋಗಿದೆ.

ಮೆಟ್ರೋ ಸ್ಟೇಷನ್ ಒಳಗೆ ಹೋದ ಕೂಡಲೇ ತುಂಡಾಗುತ್ತೆ

ನೂರಾರು ಜನ, ನೂರಾರು ಬಡ್ಸ್, ಸುತ್ತ ವೈಫೈ, ಎಲ್ಲ ಅದೇ 2.4ರಲ್ಲಿ. ಕ್ಲಾಸಿಕ್ ಬ್ಲೂಟೂತ್ ಅದರೊಳಗೆ 79 ದಾರಿಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ, ಗಲಾಟೆ ಇರುವ ದಾರಿಗಳನ್ನು ಬಿಟ್ಟು ನಡೆಯುತ್ತದೆ. ಎಲ್ಲ ದಾರಿಯಲ್ಲೂ ಜಾತ್ರೆ ಇದ್ದರೆ ಏನು ಮಾಡುತ್ತದೆ, ಪಾಪ. ಅಲ್ಲಿ ಗುಣಮಟ್ಟ ಇಳಿಸುವುದೊಂದೇ ದಾರಿ, ಮುಂದಿನ ಪ್ರಶ್ನೆ ನೋಡಿ. ಮನೆಯಲ್ಲೂ ದೊಡ್ಡ ಡೌನ್‌ಲೋಡ್ ನಡೆಯುವಾಗ ಹೀಗಾದರೆ ಫೋನನ್ನು ವೈಫೈನ 5 ಗಿಗಾಹರ್ಟ್ಸ್‌ಗೆ ಬದಲಿಸಿ. ಮೈಕ್ರೋವೇವ್ ಓವನ್ ಪಕ್ಕ ನಿಂತಾಗ ಕಟ್ ಆಗುವುದಕ್ಕೂ ಇದೇ ಕಾರಣ.

ಬಡ್ಸ್‌ನಲ್ಲಿ ಎಲ್‌ಡಿಎಸಿ ಆನ್ ಮಾಡಿದೆ, ಆವತ್ತಿಂದ ಕಟ್ ಕಟ್. ಒಳ್ಳೆ ಕ್ವಾಲಿಟಿ ಅಂದ್ರಲ್ಲ?

ಕ್ವಾಲಿಟಿ ಒಳ್ಳೆಯದೇ, ಆದರೆ ಹೊರೆ ದೊಡ್ಡದು. ಎಲ್‌ಡಿಎಸಿ, ಎಸ್‌ಬಿಸಿ, ಎಎಸಿ ಎಲ್ಲ ಬ್ಲೂಟೂತಿನಲ್ಲಿ ಕಳಿಸಲು ದನಿಯನ್ನು ಕುಗ್ಗಿಸುವ ವಿಧಾನಗಳು, ಇವಕ್ಕೆ ಕೋಡೆಕ್ ಎನ್ನುತ್ತಾರೆ. ಎಲ್ಲ ಬ್ಲೂಟೂತ್ ಹೆಡ್‌ಫೋನಿಗೂ ಕಡ್ಡಾಯವಾಗಿರುವ ಎಸ್‌ಬಿಸಿ ಸಾಮಾನ್ಯವಾಗಿ 328 ಕೆಬಿಪಿಎಸ್‌ವರೆಗೆ ಹೋಗುತ್ತದೆ. ಎಲ್‌ಡಿಎಸಿಗೆ 330, 660, 990 ಎಂದು ಮೂರು ಮೆಟ್ಟಿಲು. 990ಕ್ಕೆ ಗಾಳಿ ಸ್ವಚ್ಛವಾಗಿರಬೇಕು, ಫೋನ್ ಹತ್ತಿರ ಇರಬೇಕು.

ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗ್ಗೆ ಇರುವ ಭಾಗಕ್ಕೆ ಹೋಗಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಬ್ಲೂಟೂತ್ ಆಡಿಯೊ ಕೋಡೆಕ್ ಎಂಬಲ್ಲಿ ಎಲ್‌ಡಿಎಸಿಯನ್ನು 660ಕ್ಕೋ 330ಕ್ಕೋ ಇಳಿಸಿ, ಇಲ್ಲವೇ ಎಎಸಿ ಅಥವಾ ಎಸ್‌ಬಿಸಿಗೆ ಬನ್ನಿ. ಅಲ್ಲಿರುವ ಬೇರೆ ಯಾವುದನ್ನೂ ಮುಟ್ಟಬೇಡಿ. ನಡೆಯುತ್ತಾ, ಬಸ್ಸಿನಲ್ಲಿ ಕೇಳುವವರಿಗೆ ತುಂಡಾಗದ ಎಸ್‌ಬಿಸಿಯೇ ತುಂಡಾಗುವ ಎಲ್‌ಡಿಎಸಿಗಿಂತ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಐಫೋನಿನಲ್ಲಿ ಎಲ್‌ಡಿಎಸಿಯೇ ಇಲ್ಲ, ಹಾಗಾಗಿ ಈ ತಲೆನೋವೂ ಇಲ್ಲ.

ಒಂದು ಕಿವಿಯಲ್ಲಿ ಮಾತ್ರ ಕಟ್ ಆಗುತ್ತೆ

ಹಳೆಯ ಬಡ್ಸ್‌ನಲ್ಲಿ ಫೋನ್ ಒಂದು ಬಡ್ ಜೊತೆ ಮಾತ್ರ ಮಾತಾಡುತ್ತದೆ, ಆ ಬಡ್ ಇನ್ನೊಂದಕ್ಕೆ ದಾಟಿಸುತ್ತದೆ. ದಾಟಿಸುವಾಗ ನಡುವೆ ತಲೆ ಇದೆ. ಫೋನನ್ನು ಇನ್ನೊಂದು ಬದಿಗೆ ಇಟ್ಟು ನೋಡಿ. ಕಟ್ ಆಗುವ ಬಡ್‌ನ ಬ್ಯಾಟರಿ ಬೇಗ ಇಳಿಯುತ್ತಿದ್ದರೆ ಅದರ ಬ್ಯಾಟರಿಯೇ ಸೋತಿದೆ. ಫೋನಿನಲ್ಲಿ 'ಫರ್ಗೆಟ್' ಒತ್ತಿ, ಬಡ್ಸ್ ರೀಸೆಟ್ ಮಾಡಿ ಮತ್ತೆ ಜೋಡಿಸುವುದೂ ಕೆಲವು ಸಲ ಕೆಲಸ ಮಾಡುತ್ತದೆ.

ಪೆನ್‌ಡ್ರೈವ್ ಕಾರಿಗೆ ಹಾಕಿದ್ರೆ ಕೆಲವು ಹಾಡು ಬಿಟ್ಟು ಮುಂದಕ್ಕೆ ಹೋಗುತ್ತೆ. ಅದೇ ಹಾಡು ಫೋನಲ್ಲಿ ಸರಿ

ಕಾರಿನ ಸ್ಟೀರಿಯೊಗೆ ಆ ಫೈಲಿನ ಬಗೆ ಓದಲು ಬರುವುದಿಲ್ಲ. ಫ್ಲ್ಯಾಕ್, ಎಂ4ಎ, ಓಪಸ್ ಎಲ್ಲ ಫೋನಿಗೆ ಸಲೀಸು, ಹಳೇ ಸ್ಟೀರಿಯೊಗೆ ಎಂಪಿ3 ಮಾತ್ರ ಗೊತ್ತಿರುತ್ತದೆ. ಎಂಪಿ3 ಮಾಡಿ, ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಹಾಕಿ. ಫೋನನ್ನೇ ಕಾರಿಗೆ ಜೋಡಿಸಿ ಕೇಳುವವರು ಡ್ಯಾಶ್‌ಬೋರ್ಡಿನ ಬಿಸಿಲಿನಿಂದ ಫೋನನ್ನು ತಪ್ಪಿಸಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಗಾಜಿನ ಹಿಂದಿನ ಫೋನ್ ಕಾದು, ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹಾಡೂ ಎಡವುತ್ತದೆ.

## ಇಂಟರ್ನೆಟ್ ಹಾಡು

ಬೆಂಗಳೂರಿಂದ ಮಂಗಳೂರಿಗೆ ರೈಲಲ್ಲಿ ಹೋಗುವಾಗ ಸಕಲೇಶಪುರ ದಾಟಿದ ಮೇಲೆ ಹಾಡೇ ಬರಲ್ಲ

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವೆ 57 ಸುರಂಗಗಳಿವೆ, ಸುತ್ತ ಕಾಡು. ಅಲ್ಲಿ ಸಿಗ್ನಲ್ ನಿರೀಕ್ಷಿಸುವುದೇ ಬೇಡ. ಹೊರಡುವ ಮುಂಚೆ ಮನೆಯ ವೈಫೈನಲ್ಲಿ ಹಾಡುಗಳನ್ನು ಡೌನ್‌ಲೋಡ್ ಮಾಡಿಕೊಳ್ಳಿ, ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ಒಂದು ಹಾಡು ಕೇಳಿ ಖಚಿತ ಮಾಡಿಕೊಳ್ಳಿ. ಈ ಖಚಿತ ಮಾಡಿಕೊಳ್ಳುವ ಹೆಜ್ಜೆಯನ್ನೇ ಎಲ್ಲರೂ ಮರೆಯುತ್ತಾರೆ. ಘಾಟಿಯಲ್ಲದ ಕಡೆಯೂ ಓಡುವ ಗಾಡಿಯಲ್ಲಿ ಕಟ್ ಆದರೆ ಆಪ್‌ನ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ.

ಡೌನ್‌ಲೋಡ್ ಮಾಡಿಟ್ಟ ಹಾಡೂ ಊರಲ್ಲಿ ಹೋದಾಗ ಬರಲಿಲ್ಲ!

ಚಂದಾ ಆಪ್‌ಗಳಲ್ಲಿ ಡೌನ್‌ಲೋಡ್ ಎಂದರೆ ಹಾಡು ನಿಮ್ಮದಾಯಿತು ಎಂದಲ್ಲ. ಆಪ್ ಆಗಾಗ ಇಂಟರ್ನೆಟ್‌ಗೆ ಹೋಗಿ ಚಂದಾ ಇದೆಯಾ ಎಂದು ನೋಡಿಕೊಂಡು ಬರಬೇಕು. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಹೋಗಲೇಬೇಕು. ಹಾಗೆಯೇ ಡೌನ್‌ಲೋಡ್ ಜಾಗವನ್ನು ಮೆಮೊರಿ ಕಾರ್ಡಿಗೆ ಬದಲಿಸಿ, ಆಮೇಲೆ ಕಾರ್ಡು ತೆಗೆದಿದ್ದರೂ ಹಾಡು ಸಿಗುವುದಿಲ್ಲ.

## ಇನ್ನೂ ಒಳಗೆ ಹೋಗಬೇಕು ಅನ್ನುವವರಿಗೆ

ಎಲ್ಲರೂ ಬಫರ್ ಬಫರ್ ಅಂತಾರೆ, ಅದನ್ನ ಜಾಸ್ತಿ ಮಾಡಿದ್ರೆ ಸರಿ ಹೋಗುತ್ತಾ?

ನಮ್ಮ ಮನೆಯ ನೀರಿನ ಥರ ಅದು. ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ಮೇಲಿನ ಟ್ಯಾಂಕಿನಲ್ಲಿ ನೀರಿದ್ದರೆ ಬಚ್ಚಲಲ್ಲಿ ಧಾರೆ ನಿಲ್ಲುವುದಿಲ್ಲ. ಬಫರ್ ಎಂದರೆ ಆ ಟ್ಯಾಂಕ್. ಫೋನ್ ಸ್ವಲ್ಪ ಹಾಡನ್ನು ಮುಂಚೆಯೇ ಬಿಡಿಸಿ ಅಲ್ಲಿ ತುಂಬಿಡುತ್ತದೆ. ತುಂಬುವವನು ತಡ ಮಾಡಿ ಟ್ಯಾಂಕ್ ಬರಿದಾದ ಕ್ಷಣವೇ ನಿಮಗೆ ಕೇಳುವ ಆ 'ಕಟ್'.

ಪವರ್ಆಂಪ್‌ನಂಥ ಪ್ಲೇಯರ್‌ಗಳಲ್ಲಿ ಆಡಿಯೊ ಔಟ್‌ಪುಟ್ ಭಾಗದಲ್ಲಿ ಬಫರ್ ದೊಡ್ಡದು ಮಾಡಬಹುದು. ಸುಮ್ನೆ ಹಾಡು ಕೇಳುವವರಿಗೆ ಇದರಿಂದ ನಷ್ಟವೇನಿಲ್ಲ, ಗುಂಡಿ ಒತ್ತಿದ ಮೇಲೆ ಒಂಚೂರು ತಡ ಅಷ್ಟೆ. ಜೊತೆಗೆ ಫೋನಿನ ಡಾಲ್ಬಿ, ಪ್ಲೇಯರ್‌ನ ಈಕ್ವಲೈಸರ್, ಬಡ್ಸ್ ಆಪ್‌ನ ಈಕ್ವಲೈಸರ್ ಮೂರೂ ಆನ್ ಇದ್ದರೆ ಒಂದನ್ನು ಬಿಟ್ಟು ಉಳಿದದ್ದು ಆಫ್ ಮಾಡಿ. ಆದರೆ ಕಾರ್ಡು ಕೆಟ್ಟಿದ್ದರೆ, ಫೋನ್ ಆಪ್ ಅನ್ನು ಮುಚ್ಚುತ್ತಿದ್ದರೆ, ಎಷ್ಟು ದೊಡ್ಡ ಟ್ಯಾಂಕ್ ಇಟ್ಟರೂ ಖಾಲಿಯೇ ಆಗುತ್ತದೆ.

ಕಛೇರಿ ರೆಕಾರ್ಡಿಂಗ್‌ನಲ್ಲಿ ಆಲಾಪನೆ ಮುಗಿದು ಕೃತಿ ಶುರುವಾಗುವಾಗ ನಡುವೆ ಚೂರು ಮೌನ ಬರುತ್ತೆ. ತಂಬೂರಿ ಕಡಿದ ಹಾಗಾಗುತ್ತೆ

ಇದನ್ನು ಗಮನಿಸಿದ್ದೀರಿ ಎಂದರೆ ಒಳ್ಳೆಯ ಕಿವಿ ನಿಮ್ಮದು. ತೊಂದರೆ ಎಂಪಿ3ಯ ಹುಟ್ಟಿನಲ್ಲೇ ಇದೆ. ಅದರ ತುಂಡುಗಳು 1152 ಮಾದರಿಗಳ (ದನಿಯನ್ನು ಅಳೆದಿಟ್ಟ ಬಿಂದುಗಳ) ಅಳತೆಯಲ್ಲೇ ಇರಬೇಕು. ಹಾಡು ಆ ಅಳತೆಗೆ ಸರಿಯಾಗಿ ಮುಗಿಯದಿದ್ದರೆ ಕೊನೆಗೆ ಮೌನ ತುಂಬುತ್ತದೆ, ಶುರುವಿನಲ್ಲೂ ಸ್ವಲ್ಪ ಮೌನ ಸೇರುತ್ತದೆ. ಒಂದೊಂದೇ ಹಾಡು ಕೇಳುವಾಗ ಗೊತ್ತಾಗುವುದಿಲ್ಲ. ಶ್ರುತಿ ಹರಿಯುತ್ತಲೇ ಇರುವ ಕಛೇರಿಯಲ್ಲಿ ಚುಚ್ಚುತ್ತದೆ.

ಲೇಮ್ ಎಂಬ ಎನ್ಕೋಡರಿನಿಂದ (ಎಂಪಿ3 ಮಾಡುವ ತಂತ್ರಾಂಶ) ಮಾಡಿದ ಫೈಲಿನಲ್ಲಿ ಎಷ್ಟು ಮೌನ ಸೇರಿಸಿದೆ ಎಂದು ಬರೆದಿಟ್ಟಿರುತ್ತದೆ. 'ಗ್ಯಾಪ್‌ಲೆಸ್' ಗೊತ್ತಿರುವ ಪ್ಲೇಯರ್ ಅದನ್ನು ಓದಿ ಅಷ್ಟನ್ನು ಕತ್ತರಿಸುತ್ತದೆ. ಪ್ಲೇಯರ್‌ನಲ್ಲಿ ಗ್ಯಾಪ್‌ಲೆಸ್ ಆನ್ ಮಾಡಿ, ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು) ಆಫ್ ಮಾಡಿ. ಸಿಡಿಯಿಂದ ನೀವೇ ತೆಗೆಯುವುದಾದರೆ ಫ್ಲ್ಯಾಕ್ ಮಾಡಿ, ಅಲ್ಲಿ ಈ ಸಮಸ್ಯೆಯೇ ಇಲ್ಲ.

ಇಡೀ ರಾತ್ರಿಯ ಯಕ್ಷಗಾನ ಒಂದೇ ಫೈಲು, ಆರು ಗಂಟೆ. ನಡುವೆ ಎಳೆದ್ರೆ ಎಲ್ಲೆಲ್ಲಿಗೋ ಹೋಗುತ್ತೆ, ಒಮ್ಮೊಮ್ಮೆ ನಡುವಲ್ಲೇ ಮುಗಿದುಹೋಗುತ್ತೆ

ಫೈಲಿನ ಬಿಟ್‌ರೇಟ್ (ಒಂದು ಸೆಕೆಂಡಿನ ಹಾಡಿಗೆ ಹಿಡಿಯುವ ಬಿಟ್‌ಗಳ ಲೆಕ್ಕ) ಒಂದೇ ಸಮನಾಗಿಲ್ಲದಿದ್ದರೆ, ಅಂದರೆ ವಿಬಿಆರ್ ಆಗಿದ್ದರೆ, 'ಮೂರನೇ ಗಂಟೆ ಫೈಲಿನ ಯಾವ ಜಾಗದಲ್ಲಿದೆ' ಎಂದು ಹೇಳಲು ಶುರುವಿನಲ್ಲಿ ಒಂದು ಸಣ್ಣ ಪಟ್ಟಿ ಬೇಕು. ಆ ಪಟ್ಟಿಯಲ್ಲಿರುವುದು 100 ಗುರುತು ಮಾತ್ರ. ಆರು ಗಂಟೆಯನ್ನು ನೂರಕ್ಕೆ ಹಂಚಿದರೆ ಒಂದು ಗುರುತಿಗೂ ಇನ್ನೊಂದಕ್ಕೂ ಮೂರೂವರೆ ನಿಮಿಷಕ್ಕಿಂತ ಜಾಸ್ತಿ ಅಂತರ! ನಡುವಿನದ್ದೆಲ್ಲ ಅಂದಾಜು. ಪಟ್ಟಿಯೇ ಇಲ್ಲದಿದ್ದರೆ ಪ್ಲೇಯರ್ ಮೊದಲ ತುಂಡು ನೋಡಿ ಒಟ್ಟು ಉದ್ದವನ್ನೇ ತಪ್ಪು ಲೆಕ್ಕ ಹಾಕುತ್ತದೆ, ನಡುವೆಯೇ ಮುಗಿಯಿತು ಎಂದುಕೊಳ್ಳುತ್ತದೆ.

ಕಂಪ್ಯೂಟರಿನಲ್ಲಿ ಫೂಬಾರ್2000 ಎಂಬ ಉಚಿತ ಪ್ಲೇಯರ್ ಈ ಪಟ್ಟಿಯನ್ನು ಸರಿಮಾಡಿ ಕೊಡುತ್ತದೆ, ಹಾಡಿಗೆ ಏನೂ ಆಗುವುದಿಲ್ಲ. ಅದಕ್ಕಿಂತ ಒಳ್ಳೆಯದು ಪ್ರಸಂಗವನ್ನು ಭಾಗ ಮಾಡಿಡುವುದು. ಪೂರ್ವರಂಗ, ಒಡ್ಡೋಲಗ ಎಂದು ಹೆಸರಿಟ್ಟು ಒಡೆದರೆ ಹುಡುಕುವುದೂ ಸುಲಭ, ಒಂದು ಭಾಗ ಕೆಟ್ಟರೂ ಉಳಿದದ್ದು ಇರುತ್ತದೆ. 128 ಕೆಬಿಪಿಎಸ್‌ನಲ್ಲಿ ಆರು ಗಂಟೆಗೆ ಸುಮಾರು 346 ಮೆಗಾಬೈಟ್ ಆಗುತ್ತದೆ, ವಾಟ್ಸಾಪಿನಲ್ಲಿ ಕಳಿಸುವಾಗ ಅರ್ಧಕ್ಕೆ ನಿಂತು ಕೆಡುವುದು ಇಂಥ ದೊಡ್ಡ ಫೈಲುಗಳೇ.

ಹಳೇ ಕ್ಯಾಸೆಟ್‌ನಿಂದ ಫೋನಿಗೆ ಹಾಕಿಕೊಂಡ ಹಾಡು ಅಲ್ಲಲ್ಲಿ ಹಾರುತ್ತೆ. ಸರಿ ಮಾಡೋಕಾಗುತ್ತಾ?

ಎಲ್ಲಿ ಹಾರಿದೆ ಎಂಬುದರ ಮೇಲೆ ಹೋಗುತ್ತದೆ. ಕ್ಯಾಸೆಟ್ ಅನ್ನೇ ಮತ್ತೆ ಟೇಪ್‌ರೆಕಾರ್ಡರಿನಲ್ಲಿ ಹಾಕಿ ಆ ಜಾಗ ಕೇಳಿ. ಟೇಪಿನಲ್ಲಿ ಸರಿಯಾಗಿದ್ದರೆ ಕಂಪ್ಯೂಟರಿಗೆ ಇಳಿಸುವಾಗ ಬಿಟ್ಟುಹೋಗಿದೆ. ಬೇರೆ ಆಪ್ ಎಲ್ಲ ಮುಚ್ಚಿ, ಯುಎಸ್‌ಬಿ ಹಬ್ ಬಿಟ್ಟು ನೇರವಾಗಿ ಚುಚ್ಚಿ, ಮತ್ತೆ ರೆಕಾರ್ಡ್ ಮಾಡಿ. ಆಡಾಸಿಟಿ ಎಂಬ ರೆಕಾರ್ಡ್ ಮಾಡುವ ತಂತ್ರಾಂಶದ ರೆಕಾರ್ಡಿಂಗ್ ಆಯ್ಕೆಗಳಲ್ಲಿ 'ಡಿಟೆಕ್ಟ್ ಡ್ರಾಪ್ಔಟ್ಸ್' ಹಾಕಿದರೆ ಬಿಟ್ಟುಹೋದ ಜಾಗಕ್ಕೆ ಅದೇ ಗುರುತು ಹಾಕುತ್ತದೆ.

ಟೇಪಿನಲ್ಲೇ ದನಿ ಮುಳುಗುತ್ತಿದ್ದರೆ ಮೊದಲು ಹೆಡ್ ಮತ್ತು ರಬ್ಬರ್ ರೋಲರ್ ಒರೆಸಿ. ಹೆಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ ಸಾಕು. ಬೂಸ್ಟು ಹಿಡಿದ ಕ್ಯಾಸೆಟ್ ಅನ್ನು ಪದೇ ಪದೇ ಓಡಿಸಬೇಡಿ, ಒಂದೊಂದು ಸಲವೂ ಅದು ಸವೆಯುತ್ತದೆ. ರೆಕಾರ್ಡ್ ಮಾಡಿದ್ದನ್ನು ಮೊದಲು ವೇವ್ ಅಥವಾ ಫ್ಲ್ಯಾಕ್ ಆಗಿ ಎರಡು ಬೇರೆ ಬೇರೆ ಕಡೆ ಇಟ್ಟುಕೊಂಡು, ಆಮೇಲೆ ಫೋನಿಗೆಂದು ಎಂಪಿ3 ಮಾಡಿ. ಮನೆಯವರ ದನಿ, ಊರ ಭಜನೆ, ಯಾವುದೋ ಮೇಳದ ಹಳೇ ಆಟ, ಇವನ್ನು ಮತ್ತೆ ಡೌನ್‌ಲೋಡ್ ಮಾಡಲು ಯಾವ ಆಪ್‌ನಲ್ಲೂ ಸಿಗುವುದಿಲ್ಲ. ಅಲ್ಲಲ್ಲಿ ಹಾರಿದರೂ ಅಳಿಸಬೇಡಿ.

ಎಲ್ಲ ಮಾಡಿ ನೋಡಿದೆ. ಇನ್ನು ರಿಪೇರಿಗೆ ಕೊಡೋದೇನಾ?

ಇನ್ನೊಂದು ಬಾಕಿ ಇದೆ, ಸೇಫ್ ಮೋಡ್. ಹೆಚ್ಚಿನ ಆಂಡ್ರಾಯ್ಡ್ ಫೋನಿನಲ್ಲಿ ಪವರ್ ಗುಂಡಿ ಒತ್ತಿ, ತೆರೆಯ ಮೇಲೆ ಬರುವ 'ಪವರ್ ಆಫ್' ಮೇಲೆ ಬೆರಳು ಒತ್ತಿ ಹಿಡಿದರೆ ಕೇಳುತ್ತದೆ. ಅಲ್ಲಿ ನೀವು ಹಾಕಿಕೊಂಡ ಆಪ್‌ಗಳು ಓಡುವುದಿಲ್ಲ, ಫೋನಿನ ಜೊತೆ ಬಂದ ಪ್ಲೇಯರ್‌ನಲ್ಲೇ, ಫೋನಿನ ಒಳಗಿನ ಮೆಮೊರಿಯಲ್ಲಿರುವ ಹಾಡು ಕೇಳಿ. ಅಲ್ಲಿ ಸರಿ ಇದ್ದರೆ ಇತ್ತೀಚೆಗೆ ಹಾಕಿದ ಆಪ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ. ಸೇಫ್ ಮೋಡ್‌ನಲ್ಲೂ, ಸ್ಪೀಕರಿನಲ್ಲೂ, ಬೇರೆ ಬೇರೆ ಹಾಡಿನಲ್ಲೂ ಕಟ್ ಆದರೆ ಫೋನಿನದೇ ತೊಂದರೆ, ಸರ್ವೀಸ್ ಸೆಂಟರಿಗೆ ಹೋಗಿ. ಹೋದಾಗ 'ಹಾಡು ಬರಲ್ಲ' ಎಂದಷ್ಟೇ ಹೇಳಬೇಡಿ, ಮೇಲಿನ ಮೂರು ಪರೀಕ್ಷೆಯಲ್ಲಿ ಏನು ಕಂಡಿತು ಎಂದು ಹೇಳಿ. ಮತ್ತೆ, ಕೊಡುವ ಮುಂಚೆ ಹಾಡು, ಫೋಟೊ ಎಲ್ಲ ಕಾಪಿ ಮಾಡಿಕೊಂಡು ಮೆಮೊರಿ ಕಾರ್ಡು ತೆಗೆದಿಟ್ಟುಕೊಳ್ಳಿ. ಅಲ್ಲಿ ಮೊದಲು ಮಾಡುವ ಕೆಲಸ ಫೋನ್ ಪೂರ್ತಿ ಅಳಿಸುವುದೇ ಇರಬಹುದು.